ಯುವಪುಟದ ಜಾಹೀರಾತಿನಲ್ಲಿ ಯಾರ ಮುಖ?



ಜಿಲ್ಲಾ ಕೇಂದ್ರಗಳಿಂದಲೂ ದೊಡ್ಡ ತಾಲ್ಲೂಕು ಪಟ್ಟಣಗಳಿಂದಲೂ ಹೊರಡುವ ನಾಲ್ಕು ಪುಟದ, ಎಂಟು ಪುಟದ ದಿನಪತ್ರಿಕೆಗಳು ನಮ್ಮ ರಾಜ್ಯದಲ್ಲಿ ಇನ್ನೂ ಬದುಕಿವೆ. ಕೆರೆ ಏರಿ ಒಡೆದದ್ದು, ಊರಿನ ಬಸ್ಸು ನಿಂತುಹೋದದ್ದು, ಸಂತೆಯ ಧಾರಣೆ, ಇಂಥ ಸುದ್ದಿ ಬೆಂಗಳೂರಿನ ಪತ್ರಿಕೆಗಳಿಗಿಂತ ಮೊದಲು ಇವುಗಳಲ್ಲಿ ಬರುತ್ತದೆ. ಇಂಥ ಹಲವು ಪತ್ರಿಕೆಗಳು ವಾರಕ್ಕೊಮ್ಮೆ ಯುವಜನರಿಗಾಗಿ ಒಂದು ಪುಟ ಮೀಸಲಿಡುತ್ತವೆ. ಪಿಯುಸಿ, ಪದವಿ ಓದುವವರು, ಐಟಿಐ ಹುಡುಗರು, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರು ಅದರ ಓದುಗರು. ಪುಟದ ಮೇಲರ್ಧದಲ್ಲಿ ಉದ್ಯೋಗದ ಮಾಹಿತಿ, ಒಂದು ಕವಿತೆ, ಒಬ್ಬ ಕ್ರೀಡಾಪಟುವಿನ ಪರಿಚಯ. ಕೆಳಗರ್ಧ ಪೂರ್ತಿ ಜಾಹೀರಾತು.

ಈಚೆಗೆ ಈ ಪತ್ರಿಕೆಗಳ ಜಾಹೀರಾತು ಪ್ರತಿನಿಧಿಗಳು ಸ್ವಸಹಾಯ ಗುಂಪುಗಳ ಬಾಗಿಲಿಗೂ ಬರುತ್ತಿದ್ದಾರೆ. ನಿಮ್ಮ ಹಪ್ಪಳಕ್ಕೆ, ಚಟ್ನಿಪುಡಿಗೆ ಒಂದು ಜಾಹೀರಾತು ಕೊಡಿ ಎನ್ನುತ್ತಾರೆ. ಮಾರ್ಚ್ 8ಕ್ಕೆ ಶುಭಾಶಯದ ಜಾಹೀರಾತು ಕೊಡಿ ಎನ್ನುತ್ತಾರೆ. "ಕೊಡಬಹುದಾ ಮೇಡಂ? ಕೊಟ್ರೆ ಏನು ಹಾಕಿಸಬೇಕು? ಯಾರ ಫೋಟೋ ಹಾಕಿಸಬೇಕು?" ಎಂದು ಹಲವು ಗುಂಪಿನವರು ನನ್ನನ್ನು ಕೇಳಿದ್ದಾರೆ. ಈ ಸಲದ ಸಂಪಾದಕೀಯವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇನೆ.

ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ವಿರುದ್ಧ ಬರೆಯುವ ಪತ್ರಿಕೆಗೆ ಜಾಹೀರಾತಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಗಂಡಿನ ಕಡೆಯವರು ಮನೆಗೆ ಬಂದು ಬೆಲೆ ಹೇಳುವ ಎಷ್ಟೋ ವರ್ಷ ಮೊದಲೇ ನಮ್ಮ ಹುಡುಗಿ ತನಗೊಂದು ಬೆಲೆ ಕಟ್ಟಿಕೊಂಡಿರುತ್ತಾಳೆ. ನನ್ನ ಬಣ್ಣ ಕಡಿಮೆ, ನನ್ನ ಎತ್ತರ ಕಡಿಮೆ, ಅಪ್ಪನಿಗೆ ನಾನು ಭಾರ ಎಂಬ ಲೆಕ್ಕ ಅವಳ ತಲೆಯಲ್ಲಿ ಕೂತಿರುತ್ತದೆ. ಈ ಲೆಕ್ಕವನ್ನು ಯಾವ ಉಪಾಧ್ಯಾಯರೂ ಪಾಠ ಮಾಡಿ ಹೇಳಿಕೊಟ್ಟಿಲ್ಲ. ಮನೆ, ನೆಂಟರು, ಸಿನಿಮಾ, ಟಿ.ವಿ., ಮೊಬೈಲು ಇವುಗಳ ಜೊತೆಗೆ ದಿನಪತ್ರಿಕೆಯ ಜಾಹೀರಾತೂ ಅದನ್ನು ಕಲಿಸುತ್ತಿದೆ. ಇವುಗಳ ಪೈಕಿ ನಾವು ಹೋಗಿ ಮಾತಾಡಬಹುದಾದಷ್ಟು ಹತ್ತಿರದಲ್ಲಿರುವುದು ಊರಿನ ಪತ್ರಿಕಾ ಕಚೇರಿ ಮಾತ್ರ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಜಾಹೀರಾತು ಹೇಗೆ ತಯಾರಾಗುತ್ತದೆ ಎಂದು ತಿಳಿಯಬೇಕು. ಪತ್ರಿಕೆಯ ಜಾಗವನ್ನು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಎರಡು ಕಾಲಂ ಅಗಲ, ಹತ್ತು ಸೆಂಟಿಮೀಟರ್ ಎತ್ತರದ ಜಾಹೀರಾತು ಎಂದರೆ 20 ಕಾಲಂ ಸೆಂಟಿಮೀಟರ್. ಅದನ್ನು ಪತ್ರಿಕೆಯ ದರದಿಂದ ಗುಣಿಸಿದರೆ ಬೆಲೆ ಸಿಗುತ್ತದೆ. ಮೊದಲ ಪುಟಕ್ಕೆ ದರ ಹೆಚ್ಚು, ಬಣ್ಣಕ್ಕೆ ಹೆಚ್ಚು. ದೊಡ್ಡ ನಗರಗಳಲ್ಲಿ ಜಾಹೀರಾತು ಸಂಸ್ಥೆಗಳಿವೆ. ಒಬ್ಬರು ಬರೆಯುತ್ತಾರೆ, ಒಬ್ಬರು ಚಿತ್ರ ಮಾಡುತ್ತಾರೆ, ಒಬ್ಬರು ಫೋಟೋ ತೆಗೆಯುತ್ತಾರೆ. ಸ್ಥಳೀಯ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಈ ಮೂರೂ ಕೆಲಸ ಒಬ್ಬನೇ ಡಿ.ಟಿ.ಪಿ. ಆಪರೇಟರ್‌ನ ಪಾಲಿಗೆ ಬರುತ್ತದೆ. ಸಂಜೆ ಏಳಕ್ಕೆ ಜಾಹೀರಾತು ಬರುತ್ತದೆ, ಹತ್ತಕ್ಕೆ ಪುಟ ಅಚ್ಚಿಗೆ ಹೋಗಬೇಕು. ಅವನು ಇಂಟರ್ನೆಟ್ಟಿನಲ್ಲಿ ಹುಡುಕಿ ಸಿಕ್ಕ ಮೊದಲ ನಗುಮುಖವನ್ನು ಅಂಟಿಸುತ್ತಾನೆ. ಹಾಗಾಗಿಯೇ ನಮ್ಮ ತಾಲ್ಲೂಕಿನ ಕಂಪ್ಯೂಟರ್ ತರಗತಿಯ ಜಾಹೀರಾತಿನಲ್ಲಿ ಯಾವುದೋ ದೇಶದ ಹೊಂಬಣ್ಣದ ಕೂದಲಿನ ಹುಡುಗಿ ಲ್ಯಾಪ್‌ಟಾಪ್ ಹಿಡಿದು ನಗುತ್ತಾಳೆ. ಆ ತರಗತಿಗೆ ನಿಜವಾಗಿ ಹೋಗುವ ಹುಡುಗಿ, ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದು ಬರುವವಳು, ಆ ಚಿತ್ರದಲ್ಲಿ ಎಲ್ಲೂ ಇಲ್ಲ.

ಇದು ಕೇವಲ ಅವಸರದಿಂದ ಆಗುವುದೇ? ಹಾಗಿದ್ದರೆ ಅವಸರದಲ್ಲಿಯೂ ಒಮ್ಮೆಯಾದರೂ ಕಪ್ಪು ಹುಡುಗಿಯ ಮುಖ ಸಿಗಬೇಕಿತ್ತು. 'ಚೆಂದದ ಮುಖ' ಎಂದರೆ ಬಿಳಿ ಮುಖ ಎಂಬ ತೀರ್ಮಾನ ಹುಡುಕುವುದಕ್ಕೆ ಮೊದಲೇ ಆಗಿಹೋಗಿರುತ್ತದೆ.

ಈ ತೀರ್ಮಾನಕ್ಕೆ ಒಂದು ಇತಿಹಾಸವಿದೆ. 1975ರಲ್ಲಿ 'ಫೇರ್ ಅಂಡ್ ಲವ್ಲಿ' ಎಂಬ ಕ್ರೀಮು ನಮ್ಮ ದೇಶದ ಮಾರುಕಟ್ಟೆಗೆ ಬಂತು. ಕಪ್ಪಗಿದ್ದವಳಿಗೆ ಕೆಲಸವಿಲ್ಲ, ವರನಿಲ್ಲ. ಕ್ರೀಮು ಹಚ್ಚಿದ ಮೇಲೆ ಎರಡೂ ಸಿಕ್ಕಿತು ಎಂಬ ಕಥೆಯನ್ನು ಇಂಥ ಕ್ರೀಮುಗಳ ಜಾಹೀರಾತುಗಳು ದಶಕಗಳ ಕಾಲ ಹೇಳಿದವು. ಮಹಿಳಾ ಸಂಘಟನೆಗಳ ವಿರೋಧದ ನಂತರ, ಜಾಹೀರಾತುದಾರರು ತಾವೇ 1985ರಲ್ಲಿ ಕಟ್ಟಿಕೊಂಡಿದ್ದ ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ನಿಯಮ ಮಾಡಿತು. ಕಪ್ಪು ಬಣ್ಣದವರನ್ನು ದುಃಖಿತರಂತೆ, ಆಕರ್ಷಣೆ ಇಲ್ಲದವರಂತೆ ತೋರಿಸಬಾರದು. ಬಣ್ಣದಿಂದಾಗಿ ಮದುವೆಯಲ್ಲಿ, ಉದ್ಯೋಗದಲ್ಲಿ ಹಿಂದೆ ಬೀಳುತ್ತಾರೆ ಎಂದು ಹೇಳಬಾರದು ಎಂಬುದು ಆ ನಿಯಮದ ಸಾರ. 2020ರಲ್ಲಿ ಕ್ರೀಮಿನ ಹೆಸರೇ 'ಗ್ಲೋ ಅಂಡ್ ಲವ್ಲಿ' ಎಂದು ಬದಲಾಯಿತು. ಹೆಸರು ಬದಲಾದಷ್ಟು ಬೇಗ ಮನಸ್ಸು ಬದಲಾಗುತ್ತದೆಯೇ? ನಮ್ಮ ಪಟ್ಟಣದ ಸ್ಟುಡಿಯೋಗೆ ಹೋಗಿ ಪಾಸ್‌ಪೋರ್ಟ್ ಫೋಟೋ ತೆಗೆಸಿ ನೋಡಿ. ಕೇಳದೆಯೇ ಮುಖವನ್ನು ಎರಡು ಬಣ್ಣ ಬಿಳಿ ಮಾಡಿ ಕೊಡುತ್ತಾರೆ.

ಇದಕ್ಕೆ ಆಪರೇಟರ್ ಹುಡುಗರು ಒಂದು ಕಾರಣ ಹೇಳುತ್ತಾರೆ: "ಪೇಪರಿನಲ್ಲಿ ಕಪ್ಪು ಮುಖ ಇನ್ನೂ ಕಪ್ಪಾಗಿ ಬರುತ್ತೆ ಮೇಡಂ." ಈ ಮಾತಿನಲ್ಲಿ ಸತ್ಯವಿದೆ. ಅಚ್ಚಿನಲ್ಲಿ ಫೋಟೋ ಎಂದರೆ ಸಣ್ಣ ಸಣ್ಣ ಚುಕ್ಕೆಗಳ ರಾಶಿ. ಪತ್ರಿಕೆಯ ಒರಟು ಕಾಗದ ಶಾಯಿಯನ್ನು ಹೀರಿಕೊಂಡಾಗ ಚುಕ್ಕೆಗಳು ಹಿಗ್ಗಿ, ನಡುಬಣ್ಣಗಳು ಕಪ್ಪಾಗುತ್ತವೆ. ಹಾಗೆಂದು ಮುಖಕ್ಕೆ ಸುಣ್ಣ ಬಳಿಯಬೇಕಾಗಿಲ್ಲ. ಬೆಳಕು ಕೊಟ್ಟರೆ ಸಾಕು. ಛಾಯಾಗ್ರಹಣದ ಸಾಧನಗಳೇ ಮೊದಲಿನಿಂದ ಬಿಳಿಯರ ಚರ್ಮಕ್ಕೆ ಹೊಂದುವಂತೆ ತಯಾರಾಗಿದ್ದವು ಎಂಬುದನ್ನೂ ತಿಳಿದಿರೋಣ. ಅಮೆರಿಕದ ಕೊಡಾಕ್ ಕಂಪನಿ 1950ರ ದಶಕದಿಂದ ಫೋಟೋ ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಮಹಿಳೆಯ ಚಿತ್ರ. ಆಕೆಯ ಬಣ್ಣ ಸರಿಯಾಗಿ ಬಂದರೆ ಎಲ್ಲರ ಬಣ್ಣವೂ ಸರಿ ಎಂದು ಲೆಕ್ಕ. ಅದಕ್ಕೆ 'ಶರ್ಲಿ ಕಾರ್ಡ್' ಎಂದು ಹೆಸರು. ಕಂದು ಬಣ್ಣದ ಮುಖಗಳು ಆ ಫಿಲ್ಮಿನಲ್ಲಿ ಮಸಕಾಗುತ್ತಿದ್ದವು. ಫಿಲ್ಮನ್ನು ಸುಧಾರಿಸಲು ಕಂಪನಿ ಮನಸ್ಸು ಮಾಡಿದ್ದಕ್ಕೆ ಒಂದು ಕಾರಣ, ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವವರು ತಮ್ಮ ಸರಕಿನ ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲವೆಂದು ದೂರಿದ್ದು! ಮೇಜು ಕುರ್ಚಿಗೆ ಸಿಕ್ಕ ಮರ್ಯಾದೆ ಮನುಷ್ಯರ ಮುಖಕ್ಕೆ ಸಿಕ್ಕಿರಲಿಲ್ಲ.

1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವ ಸುಂದರಿ ಸ್ಪರ್ಧೆ ನಡೆಯಿತು. ಮಹಿಳಾ ಸಂಘಟನೆಗಳು ಅದನ್ನು ವಿರೋಧಿಸಿ ಬೀದಿಗಿಳಿದವು. ನಾನಾಗ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಬಿ.ಎ. ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಚೆಂದ ಕಾಣಬೇಕು ಅನ್ನೋದು ತಪ್ಪಾ ಮೇಡಂ?" ಎಂದು ಕೇಳಿದಳು. ತಪ್ಪಲ್ಲ, ಜಡೆಗೆ ಹೂ ಮುಡಿಯುವುದು, ಒಳ್ಳೆ ಬಟ್ಟೆ ಉಡುವುದು ಯಾರಿಗೆ ಬೇಡ, ಆದರೆ ಚೆಂದ ಎಂದರೇನು ಎಂದು ತೀರ್ಮಾನಿಸುವವರು ಯಾರು, ಅದರಿಂದ ಹಣ ಮಾಡುವವರು ಯಾರು ಎಂದು ಕೇಳಿಕೋ ಎಂದೆ. ಈ ಮಾತು ಇಂದಿನ ಹುಡುಗಿಯರಿಗೂ ಸಲ್ಲುತ್ತದೆ. 2025ರಲ್ಲಿ ನಮ್ಮ ಸರ್ಕಾರದ್ದೇ ಆದ ಮೈಸೂರು ಸ್ಯಾಂಡಲ್ ಸೋಪಿನ ಸಂಸ್ಥೆ ಸಿನಿಮಾ ನಟಿಯೊಬ್ಬರನ್ನು ಪ್ರಚಾರ ರಾಯಭಾರಿಯಾಗಿ ಎರಡು ವರ್ಷಕ್ಕೆ ನೇಮಿಸಿಕೊಂಡಾಗ ಕೊಟ್ಟ ಸಂಭಾವನೆ 6.2 ಕೋಟಿ ರೂಪಾಯಿ. ಆ ನಟಿ ಯಾವ ರಾಜ್ಯದವರು ಎಂಬುದರ ಬಗ್ಗೆ ಬಹಳ ಚರ್ಚೆಯಾಯಿತು. ಒಂದು ಮುಖಕ್ಕೆ ಇಷ್ಟು ಬೆಲೆ ಬರುವುದು ಎಲ್ಲಿಂದ ಎಂಬ ಚರ್ಚೆ ಆಗಲಿಲ್ಲ. ನೋಡುವವರೆಲ್ಲ ತಮ್ಮ ಮುಖ ಸಾಲದೆಂದು ನಂಬಿದಾಗಲೇ ಒಂದು ಮುಖಕ್ಕೆ ಅಷ್ಟು ಬೆಲೆ ಬರುವುದು.

ಇನ್ನು ಚಿತ್ರದೊಳಗೆ ಯಾರು ಏನು ಮಾಡುತ್ತಿದ್ದಾರೆ ಎಂದು ಗಮನಿಸಿ. ದ್ವಿಚಕ್ರ ವಾಹನದ ಜಾಹೀರಾತಿನಲ್ಲಿ ಬೈಕು ಓಡಿಸುವವನು ಹುಡುಗ, ಹಿಂದೆ ಕೂತವಳು ಹುಡುಗಿ. ಬ್ಯಾಂಕಿನ ಜಾಹೀರಾತಿನಲ್ಲಿ ಮಗನ ಓದಿಗೆ ಸಾಲ, ಮಗಳ ಮದುವೆಗೆ ಉಳಿತಾಯ. ಅಕ್ಷಯ ತೃತೀಯ ಬಂತೆಂದರೆ ಒಡವೆ ಅಂಗಡಿಯ ಜಾಹೀರಾತು ಅರ್ಧ ಪುಟ ತುಂಬುತ್ತದೆ. ಮೈತುಂಬ ಚಿನ್ನ ಹೊತ್ತ ಮದುಮಗಳು, ಪಕ್ಕದಲ್ಲಿ ಕಣ್ಣು ತೇವವಾದ ಅಪ್ಪ. ಇದು ಯುವಪುಟದಲ್ಲಿ, ಪೊಲೀಸ್ ಪೇದೆ ನೇಮಕಾತಿಯ ಮಾಹಿತಿಯ ಕೆಳಗೇ ಇರುತ್ತದೆ. ಮೇಲಿನ ಸುದ್ದಿ ನೀನು ಕೆಲಸಕ್ಕೆ ಅರ್ಜಿ ಹಾಕಬಹುದು ಎನ್ನುತ್ತದೆ. ಕೆಳಗಿನ ಚಿತ್ರ ನೀನು ಅಪ್ಪನಿಗೆ ಇಷ್ಟು ಗ್ರಾಂ ಖರ್ಚು ಎನ್ನುತ್ತದೆ. ಹದಿನೇಳರ ಹುಡುಗಿಯ ಮನಸ್ಸಿನಲ್ಲಿ ಯಾವುದು ಉಳಿಯುತ್ತದೆ?

ವಧೂವರರ ವರ್ಗೀಕೃತ ಜಾಹೀರಾತುಗಳನ್ನೂ ನೋಡೋಣ. 'ಬೆಳ್ಳಗಿನ, ತೆಳ್ಳಗಿನ ಕನ್ಯೆ ಬೇಕಾಗಿದೆ', 'ಉತ್ತಮ ರೀತಿಯಲ್ಲಿ ಮದುವೆ ಮಾಡಿಕೊಡಲಾಗುವುದು', 'ಹುಡುಗಿಯ ಹೆಸರಿನಲ್ಲಿ ನಿವೇಶನವಿದೆ' ಇಂಥ ಸಾಲುಗಳ ಅರ್ಥ ನಮಗೆಲ್ಲ ಗೊತ್ತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1986ರಲ್ಲಿ 4ಎ ಎಂಬ ಕಲಂ ಸೇರಿಸಲಾಯಿತು. ಮಗ, ಮಗಳು ಅಥವಾ ಬಂಧುವಿನ ಮದುವೆಗೆ ಪ್ರತಿಫಲವಾಗಿ ಆಸ್ತಿಯಲ್ಲಿ ಪಾಲು, ಹಣ, ವ್ಯಾಪಾರದಲ್ಲಿ ಪಾಲು ಕೊಡುತ್ತೇವೆಂದು ಜಾಹೀರಾತು ಕೊಡುವುದು ಅಪರಾಧ. ಅದನ್ನು ಅಚ್ಚು ಹಾಕುವುದು, ಪ್ರಕಟಿಸುವುದು, ಹಂಚುವುದೂ ಅಪರಾಧ. ಶಿಕ್ಷೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆವಾಸ, ಅಥವಾ 15,000 ರೂಪಾಯಿಯವರೆಗೆ ದಂಡ. ಅಂದರೆ ಕಾನೂನು ಪತ್ರಿಕೆಯವರನ್ನೂ ಹೊಣೆ ಮಾಡಿದೆ. ನಮ್ಮ ಊರಿನ ಸಂಪಾದಕರಿಗೆ ಈ ಕಲಂ ಗೊತ್ತಿದೆಯೇ ಎಂದು ಹೋಗಿ ವಿನಯವಾಗಿಯೇ ಕೇಳಬಹುದು.

ಜಾಹೀರಾತಿನಷ್ಟೇ ಎಚ್ಚರ ಸುದ್ದಿಯ ಪಕ್ಕದ ಫೋಟೋ ಬಗ್ಗೆಯೂ ಬೇಕು. ನಮ್ಮ ತಾಲ್ಲೂಕಿನಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಹೊಲಿಗೆ ತರಬೇತಿ ಶಿಬಿರಕ್ಕೆ ಬಂದ ಪತ್ರಿಕೆಯೊಂದರ ಛಾಯಾಗ್ರಾಹಕರು ಶಿಬಿರಾರ್ಥಿಗಳ ಫೋಟೋ ತೆಗೆದುಕೊಂಡು ಹೋದರು. ಕೆಲವು ತಿಂಗಳ ಮೇಲೆ, ಸೊಸೆಗೆ ಕಿರುಕುಳ ಎಂಬ ಯಾವುದೋ ಊರಿನ ಸುದ್ದಿಯ ಪಕ್ಕದಲ್ಲಿ ಅದೇ ಫೋಟೋದಿಂದ ಕತ್ತರಿಸಿದ ಒಂದು ಮುಖ ಅಚ್ಚಾಯಿತು. ಕೆನ್ನೆಗೆ ಕೈ ಕೊಟ್ಟು ಕೂತಿದ್ದ ಹತ್ತೊಂಬತ್ತರ ಹುಡುಗಿ, ಇನ್ನೂ ಮದುವೆಯಾಗದವಳು. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ 'ಸಾಂದರ್ಭಿಕ ಚಿತ್ರ' ಎಂದಿತ್ತು. ಊರವರು ಚಿತ್ರ ನೋಡಿದರು, ಇರುವೆ ಅಕ್ಷರ ಓದಲಿಲ್ಲ. "ಅವಳಿಗೆ ಏನೋ ಆಗಿತ್ತಂತೆ" ಎಂಬ ಮಾತು ಬಾವಿಕಟ್ಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಹಬ್ಬಿತು. ಹುಡುಗಿ ಒಂದು ತಿಂಗಳು ಶಿಬಿರಕ್ಕೆ ಬರಲಿಲ್ಲ. ಅವಳ ತಾಯಿ ಮತ್ತು ನಾನು ಕಚೇರಿಗೆ ಹೋಗಿ ಕೇಳಿದ ಮೇಲೆ ಒಳಪುಟದಲ್ಲಿ ಎರಡು ಸಾಲಿನ ವಿಷಾದ ಪ್ರಕಟವಾಯಿತು. ಫೋಟೋ ನೋಡಿದವರಲ್ಲಿ ಆ ಎರಡು ಸಾಲು ಓದಿದವರು ನನಗೆ ಒಬ್ಬರೂ ಸಿಗಲಿಲ್ಲ.

ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ನಿಷೇಧಿಸುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯ 23ನೇ ಕಲಂ ಇದೆ. ಆದರೆ ಯಾವ ಪ್ರಕರಣಕ್ಕೂ ಸಂಬಂಧವಿಲ್ಲದ ಹುಡುಗಿಯ ಮುಖವನ್ನು ಎರವಲು ಪಡೆಯುವುದಕ್ಕೆ ತಡೆ ಹಾಕಬೇಕಾದವರು ನಾವೇ. ಫೋಟೋ ತೆಗೆಯುವಾಗಲೇ 'ಯಾವುದಕ್ಕೆ, ಎಲ್ಲಿ, ಎಷ್ಟು ಸಲ' ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳೋಣ. ದೌರ್ಜನ್ಯದ ಸುದ್ದಿಗೆ ಪತ್ರಿಕೆಗಳು ಸಾಮಾನ್ಯವಾಗಿ ಹಾಕುವ ಚಿತ್ರ ಯಾವುದು? ಮೂಲೆಯಲ್ಲಿ ಮುದುಡಿ ಮುಖ ಮುಚ್ಚಿಕೊಂಡ ಹೆಂಗಸು, ಗೋಡೆಯ ಮೇಲೆ ಎತ್ತಿದ ಕೈಯ ನೆರಳು. ದಿನವೂ ಕೆಲಸಕ್ಕೆ ಹೋಗಿ, ನಗುನಗುತ್ತಲೇ ಮಾತಾಡಿ, ರಾತ್ರಿ ಏಟು ತಿನ್ನುವವಳಿಗೆ ಆ ಚಿತ್ರ ತನ್ನದೆನಿಸುವುದಿಲ್ಲ. ಆಕೆಗೆ ಬೇಕಾದದ್ದು ಮಹಿಳಾ ಸಹಾಯವಾಣಿ 181, ತುರ್ತು ಕರೆ 112, ಉಚಿತ ಕಾನೂನು ನೆರವು 15100 ಎಂಬ ಮಾಹಿತಿ, ಓದಲು ಬರುವ ಗಾತ್ರದಲ್ಲಿ.

ಹಾಗಾದರೆ ನಮ್ಮ ಜಾಹೀರಾತು ಹೇಗಿರಬೇಕು? ಚಟ್ನಿಪುಡಿ, ರಾಗಿ ಹುರಿಹಿಟ್ಟು ಮಾಡುವ ಒಂದು ಗುಂಪಿನ ಜೊತೆ ನಾನು ಕೂತು ಈ ಕೆಲಸ ಮಾಡಿದ್ದೇನೆ. ಪತ್ರಿಕೆಯ ಹುಡುಗ ಮಾಡಿಕೊಟ್ಟ ಮೊದಲ ನಮೂನೆಯಲ್ಲಿ ಹಾಲಿನ ಬಣ್ಣದ ಮಾಡೆಲ್ ಒಬ್ಬಳು ಚಮಚ ಹಿಡಿದಿದ್ದಳು. ಸದಸ್ಯೆಯರಲ್ಲಿ ಹೆಚ್ಚಿನವರಿಗೆ ಅದೇ ಇಷ್ಟವಾಯಿತು. "ನಮ್ಮ ಮುಖ ನೋಡಿ ಯಾರು ಕೊಳ್ತಾರೆ ಮೇಡಂ?" ಎಂದರು. ಇಪ್ಪತ್ತು ವರ್ಷ ಉಳಿತಾಯದ ಲೆಕ್ಕ ಇಟ್ಟವರು, ಬ್ಯಾಂಕ್ ಮ್ಯಾನೇಜರ ಎದುರು ಕೂತು ಸಾಲ ಮಂಜೂರು ಮಾಡಿಸಿಕೊಂಡವರು ಈ ಮಾತು ಹೇಳುತ್ತಿದ್ದಾರಲ್ಲ ಎಂದು ನನಗೆ ಸಂಕಟವಾಯಿತು. ಆಗ ಗುಂಪಿನ ಹಿರಿಯ ಸದಸ್ಯೆಯೊಬ್ಬರು, "ಆವಮ್ಮ ಒಂದು ಸೇರು ಮೆಣಸಿನಕಾಯಿ ಹುರಿದು ತೋರಿಸ್ಲಿ, ಆಮೇಲೆ ಹಾಕ್ಸೋಣ" ಎಂದರು. ಎಲ್ಲರೂ ನಕ್ಕರು, ಮಾತು ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಬಿ.ಕಾಂ. ಓದುವ ಸದಸ್ಯೆಯ ಮಗಳೊಬ್ಬಳು ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲ ಬಳಿಯ ಬೆಳಕಿನಲ್ಲಿ ಮೊಬೈಲಿನಲ್ಲೇ ಫೋಟೋ ತೆಗೆದಳು. ತಾಯಿ ತಕ್ಕಡಿಯಲ್ಲಿ ಪುಡಿ ತೂಗುತ್ತಿದ್ದಾರೆ, ಪಕ್ಕದಲ್ಲಿ ಇನ್ನೊಬ್ಬರು ಪೊಟ್ಟಣ ಕಟ್ಟುತ್ತಿದ್ದಾರೆ. ಹಿಂದೆ ಬರಿಯ ಗೋಡೆ. ಬಿಳಿ ಮಾಡಬೇಡ ಎಂದು ಆಪರೇಟರ್‌ಗೆ ಹೇಳಿದೆವು. ಸರಕಿನ ಹೆಸರು, ತೂಕ, ಬೆಲೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ, ಸಿಗುವ ಜಾಗ, ಇಷ್ಟೇ ಮಾತು. ಮರುವಾರ ಕಾಲೇಜು ಹಾಸ್ಟೆಲಿನ ಹುಡುಗಿಯರು ಹುರಿಹಿಟ್ಟು ಕೊಳ್ಳಲು ಬಂದವರು, "ಪೇಪರಿನಲ್ಲಿ ಬಂದ ಅಕ್ಕ ನೀವೇ ಅಲ್ವಾ?" ಎಂದು ಕೇಳಿದರು. ಮುಖ ನೋಡಿ ಯಾರು ಕೊಳ್ಳುತ್ತಾರೆ ಎಂದಿದ್ದವರನ್ನೇ ಕೇಳಿದ್ದು.

ಜಾಹೀರಾತನ್ನು ಅಚ್ಚಿಗೆ ಕೊಡುವ ಮುನ್ನ ಗುಂಪಿನ ಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ:

1. ಫೋಟೋದಲ್ಲಿರುವವರು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿದ್ದಾರೆಯೇ? ಹದಿನೆಂಟು ತುಂಬದವರಾದರೆ ತಂದೆ ತಾಯಿಯನ್ನೂ, ಹುಡುಗಿಯನ್ನೂ ಕೇಳಿದ್ದೀರಾ? ಕೋಚಿಂಗ್ ಕೇಂದ್ರಗಳಿಗೂ 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ನಿಯಮ ಮಾಡಿದೆ. ವಿದ್ಯಾರ್ಥಿ ಆಯ್ಕೆಯಾದ ಮೇಲೆ ಪಡೆದ ಲಿಖಿತ ಒಪ್ಪಿಗೆ ಇಲ್ಲದೆ ಆತನ ಅಥವಾ ಆಕೆಯ ಹೆಸರು, ಫೋಟೋ ಬಳಸುವಂತಿಲ್ಲ.

2. ಮುಖ ಬೆಳಕಿಗೆ ಎದುರಾಗಿದೆಯೇ? ನಡುಮಧ್ಯಾಹ್ನದ ಬಿಸಿಲು ಬೇಡ. ಬೆಳಗಿನ, ಸಂಜೆಯ ಬೆಳಕು ಅಥವಾ ಬಾಗಿಲ ಬಳಿಯ ನೆರಳು ಒಳ್ಳೆಯದು.

3. ಚಿತ್ರದಲ್ಲಿರುವ ಹೆಣ್ಣು ಏನಾದರೂ ಕೆಲಸ ಮಾಡುತ್ತಿದ್ದಾಳೆಯೇ, ಬರೀ ಸರಕಿನ ಪಕ್ಕ ನಿಂತಿದ್ದಾಳೆಯೇ? ಹುಡುಗರೂ ಮನೆಗೆಲಸದಲ್ಲಿ ಕಾಣುತ್ತಾರೆಯೇ?

4. ಅಕ್ಷರ ಓದಲು ಬರುತ್ತದೆಯೇ? ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಅಕ್ಷರ ಹಾಕಿದರೆ ಶಾಯಿ ಹರಡಿ ಒತ್ತಕ್ಷರಗಳು ಮುಚ್ಚಿಹೋಗುತ್ತವೆ.

5. 'ಷರತ್ತುಗಳು ಅನ್ವಯ' ಎಂದು ಮೂಲೆಯಲ್ಲಿ ಅಡಗಿಸಿದ್ದು ಏನಾದರೂ ಇದೆಯೇ? 2022ರ ಮಾರ್ಗಸೂಚಿಯ ಪ್ರಕಾರ ಇಂಥ ಸೂಚನೆ, ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಕಣ್ಣಿಗೆ ಬೀಳುವಂತೆ ಇರಬೇಕು.

6. ಈ ಚಿತ್ರದಲ್ಲಿ ನನ್ನ ಮಗಳೇ ಇದ್ದಿದ್ದರೆ ನನಗೆ ಒಪ್ಪಿಗೆಯಾಗುತ್ತಿತ್ತೇ?

ಊರಿನ ಪತ್ರಿಕೆಯವರನ್ನು ಶತ್ರುಗಳೆಂದು ನಾನು ತಿಳಿದಿಲ್ಲ. ಚಂದಾ ಹಣದಿಂದ ಕಾಗದದ ಖರ್ಚೂ ಹುಟ್ಟುವುದಿಲ್ಲ, ಒಡವೆ ಅಂಗಡಿಯ ಅರ್ಧ ಪುಟ ಇಲ್ಲದೆ ಸಿಬ್ಬಂದಿಗೆ ಸಂಬಳವಿಲ್ಲ ಎಂಬ ಅವರ ಕಷ್ಟ ನಿಜ. ಒಡವೆಯ ಜಾಹೀರಾತು ನಿಲ್ಲಿಸಿ ಎಂದು ಕೇಳಿದರೆ ಅವರು ನಮ್ಮನ್ನು ಕಳಿಸಿಬಿಡುತ್ತಾರೆ. ಯುವಪುಟದಲ್ಲಿ ಅದನ್ನು ಹಾಕಬೇಡಿ, ಬೇರೆ ಪುಟದಲ್ಲಿ ಹಾಕಿ ಎಂದರೆ ಕೇಳಿಸಿಕೊಂಡಾರು. ತಿಂಗಳಿಗೊಮ್ಮೆ ಸಹಾಯವಾಣಿಯ ಸಂಖ್ಯೆಗಳಿಗೆ ಒಂದು ಕಾಲಂ ಉಚಿತವಾಗಿ ಕೊಡಿ ಎಂದೂ ಕೇಳಬಹುದು. ನಾವು ಆ ಪತ್ರಿಕೆಯ ಓದುಗರು, ಈಗ ಜಾಹೀರಾತುದಾರರೂ ಹೌದು. ಮಾತಿಗೆ ಬಗ್ಗದಿದ್ದರೆ ಜಾಹೀರಾತು ಮಾನದಂಡ ಮಂಡಳಿಗೆ, ಸುದ್ದಿಯ ಫೋಟೋ ಆದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಮೋಸದ ಜಾಹೀರಾತಾದರೆ ಗ್ರಾಹಕ ಸಹಾಯವಾಣಿ 1915 ಇದೆ.

ಮುಂದಿನ ವಾರದ ಸಭೆಗೆ ಉಳಿತಾಯದ ಪುಸ್ತಕದ ಜೊತೆ ನಿಮ್ಮ ಊರಿನ ಪತ್ರಿಕೆಯ ಯುವಪುಟವನ್ನೂ ತನ್ನಿ. ಮನೆಯ ಹುಡುಗ ಹುಡುಗಿಯರನ್ನೂ ಕರೆತನ್ನಿ. ನಡುವೆ ಹಾಸಿಕೊಂಡು ಒಂದೊಂದೇ ಚಿತ್ರ ತೋರಿಸಿ, ಇದರಲ್ಲಿ ನಮ್ಮಂಥವರು ಎಷ್ಟು ಜನ ಇದ್ದಾರೆ ಎಂದು ಎಣಿಸಿ. ಹುಡುಗಿಯರು ಏನು ಹೇಳುತ್ತಾರೋ ಅದನ್ನು ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಆ ಮಾತುಗಳನ್ನೂ, ನೀವೇ ತಯಾರಿಸಿದ ಜಾಹೀರಾತಿನ ನಮೂನೆಗಳನ್ನೂ ನಮಗೆ ಕಳಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಅವುಗಳಿಗೆಂದೇ ನಾಲ್ಕು ಪುಟ ತೆಗೆದಿಟ್ಟಿದ್ದೇವೆ.